ಅವ್ವ ಕೊಂಡ ಬಂಗಡೆ

ಇವತ್ತು ಮಧ್ಯಾಹ್ನ ಪಕ್ಕದ ಫ್ಲ್ಯಾಟಿನಿಂದ ಸುಮತಿಬಾಯಿ ಮೀನು ಹುರಿಯುವ ವಾಸನೆ ಬಂತು. ನಾನು ಅವ್ವನಿಗೆಂದು ಜೋಳದ ನುಚ್ಚು ಕುದಿಸುತ್ತ ನಿಂತಿದ್ದೆ. ಮೊನ್ನೆ ಅನ್ನ ಬೇಡವೆಂದಳು, ನಿನ್ನೆ ರೊಟ್ಟಿ. ಈಗೀಗ ಬೇಡವೆನ್ನಲೂ ಬಾಯಿ ಬಿಡುವುದಿಲ್ಲ, ಮುಖ ಗೋಡೆಗೆ ತಿರುಗಿಸುತ್ತಾಳೆ. ವಯಸ್ಸಾಯಿತಲ್ಲ ಎನ್ನುತ್ತಾರೆ ಡಾಕ್ಟರು. ಮಾಡಿ ಮಾಡಿ ಚೆಲ್ಲುವುದರಲ್ಲಿ ನನಗೂ ಸಾಕಾಗಿದೆ. ನಿಜ ಹೇಳುತ್ತೇನೆ, ಒಮ್ಮೊಮ್ಮೆ ಸಿಟ್ಟೇ ಬರುತ್ತದೆ.

ಈ ವಾಸನೆಗೆ ಅವ್ವ ಮೊದಲು ಪಡುತ್ತಿದ್ದ ಪಾಡು ನೀವು ನೋಡಬೇಕಿತ್ತು. ಧಾರವಾಡದಿಂದ ಗೋವಾದ ದಾಬೋಲಿಮ್‌ಗೆ ಬಂದ ಹೊಸತರಲ್ಲಿ ಮೂಗಿಗೆ ಸೆರಗು ಹಿಡಿದೇ ಅಡುಗೆ, ಮಧ್ಯಾಹ್ನಕ್ಕೊಂದು ಊದುಬತ್ತಿ. ಸುಮತಿಬಾಯಿ ಕಾರವಾರದವರು, ಅವರ ಯಜಮಾನರಿಗೆ ಬಂದರಿನಲ್ಲಿ ಕೆಲಸ. ಎರಡು ಮನೆಗಳ ನಡುವೆ ಶೇಂಗಾ, ತೆಂಗಿನಕಾಯಿ, ಕೋಕಂ ಧಾರಾಳವಾಗಿ ಓಡಾಡುತ್ತಿದ್ದವು. ಬೇಯಿಸಿದ್ದು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಅದಕ್ಕೆ ಯಾರೂ ಬೇಸರಪಟ್ಟುಕೊಂಡಿರಲಿಲ್ಲ.

ಯಜಮಾನರು ತೀರಿಕೊಂಡಾಗ ಸುಮತಿಬಾಯಿ ಮೀನು ಬಿಟ್ಟರು. ಅವರ ಮನೆತನದ ಪದ್ಧತಿಯಂತೆ. ಮೀನಿಲ್ಲದೆ ಅನ್ನವೇ ಇಳಿಯದೆ ದಿನದಿನಕ್ಕೆ ಸೊರಗಿದರು. ಇನ್ನು ನಮ್ಮ ಹಾಗೆ ಪಲ್ಯ ಉಂಡು ಹಾಯಾಗಿರಬಹುದಲ್ಲ ಎಂದುಕೊಂಡೆ ನಾನು. ನನ್ನ ಬುದ್ಧಿ ಅಷ್ಟೇ. ಅವ್ವ ಒಂದು ಬೆಳಿಗ್ಗೆ ಬುಟ್ಟಿ ಹೊತ್ತು ಬಂದ ಮೀನಿನವಳನ್ನು ನಿಲ್ಲಿಸಿ ಬಂಗಡೆ ಕೊಂಡಳು, ಮುಖ ಆ ಕಡೆ, ಕೈ ಈ ಕಡೆ. ಚೀಲವನ್ನು ಎರಡೇ ಬೆರಳಲ್ಲಿ ಹಿಡಿದು ಪಕ್ಕದ ಬಾಗಿಲು ಬಡಿದಳು.

"ತಗೋರಿ. ಹಿಂಗ ಒಣಗಿ ಕುಂತ್ರ ಹೋದವ್ರು ತಿರುಗಿ ಬರ್ತಾರೇನ್ರಿ? ಮಾಡ್ಕೊಂಡು ಉಣ್ರಿ."

ಸುಮತಿಬಾಯಿ ಒಂದು ಮೀನಿನ ಕಿವಿರು ಎತ್ತಿ ನೋಡಿದರು. "ಅಯ್ಯೋ ಅಕ್ಕಾ, ಇದು ಕೊಳೆತು ಹೋಗಿದೆ! ಹಳೇದನ್ನೆಲ್ಲ ನಿಮ್ಮ ತಲೆಗೆ ಕಟ್ಟಿದ್ದಾಳೆ!"

"ನಂಗೇನ್ ಗೊತ್ತಾಗತೈತ್ರಿ? ಎಲ್ಲಾ ಒಂದ ನಮೂನಿ ನಾರತಾವ!"

ಸುಮತಿಬಾಯಿ ನಕ್ಕರು, ನಗುತ್ತಲೇ ಅತ್ತರು. ಆಮೇಲೆ ಚೀಲ ಕಸಿದುಕೊಂಡು ಕೆಳಗಿಳಿದು, ಮೀನಿನವಳೊಡನೆ ಕೊಂಕಣಿಯಲ್ಲಿ ಜಗಳ ತೆಗೆದು ತಾಜಾ ಬಂಗಡೆ ತಂದರು. ಅವತ್ತು ಆ ಮನೆಯಲ್ಲಿ ಮತ್ತೆ ಮೀನು ಹುರಿದರು. ಅವ್ವ ಎಂದಿನಂತೆ ಊದುಬತ್ತಿ ಹಚ್ಚಿದಳು.

ಇದನ್ನೆಲ್ಲ ನೆನೆಯುತ್ತ ನಿಂತವಳಿಗೆ ಒಗ್ಗರಣೆ ಸೀದದ್ದು ತಿಳಿಯಲೇ ಇಲ್ಲ. ಬೇರೆ ಮಾಡುವ ತ್ರಾಣವೂ ಇರಲಿಲ್ಲ. ಅದನ್ನೇ ನುಚ್ಚಿಗೆ ಸುರಿದು ಅವ್ವನ ಬಾಯಿಗೆ ಚಮಚ ಹಿಡಿದೆ. ತುಟಿಗೆ ತಾಗಿತೋ ಇಲ್ಲವೋ, ಮುಖ ಸಿಂಡರಿಸಿದಳು.

"ಬೆಳ್ಳೊಳ್ಳಿ ಸೀದೈತಿ. ಇಷ್ಟು ವರ್ಷ ಏನ್ ಕಲ್ತಿ ನೀ? ನಾಳಿ ನನ್ನ ಒಲಿ ಮುಂದ ಕುಂದ್ರಸು, ಹೇಳಿಕೊಡತೀನಿ."

ನಾಳೆ ಎಂದಳು. ಮತ್ತೊಂದು ಚಮಚ ಹಿಡಿದೆ, ಬೈಯುತ್ತಲೇ ನುಂಗಿದಳು.