ಒದರಲು ಬಾರದ ಯೋಕವ್ವ

ಇಂದು ಮುಂಜಾನೆ ಬಾಜೂ ಮನೆಯಲ್ಲಿ ಯಾರೋ ಎಳ್ಳು ಹುರಿಯುತ್ತಿದ್ದರು. ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಯೋಕವ್ವಗ ಫೋನ್ ಹಚ್ಚ” ಎಂದಳು. ನಿಮಗೂ ಹೀಗೆ ಒಂದೊಂದು ವಾಸನೆಗೆ ಒಬ್ಬೊಬ್ಬರು ಗಂಟುಬಿದ್ದಿರಬಹುದು.

ಯೋಕವ್ವ ಎಂದರೆ ಯೋಕೋ. ದಿನವೂ ಅನ್ನದ ಮೇಲೆ ಹುರಿದ ಎಳ್ಳು ಉದುರಿಸಿಕೊಂಡು ಉಣ್ಣುತ್ತಿದ್ದ ಜಪಾನಿನ ಹೆಣ್ಣುಮಗಳು. ಇಲ್ಲೇ ಗೋಕಾಕದಲ್ಲಿ, ನಮ್ಮ ಎದುರಿನ ತಗ್ಗಿನ ಮನೆಯಲ್ಲಿದ್ದಳು. ಗಂಡ ಕಾರ್ಖಾನೆಯೊಂದರಲ್ಲಿ ಯಂತ್ರ ಕೂಡಿಸಲು ಬಂದವನು, ಊರು ಹಿಡಿಸಿ ಹೆಂಡತಿಯನ್ನೂ ಸಣ್ಣ ಮಗಳು ಮಿಕಾಳನ್ನೂ ಕರೆಸಿಕೊಂಡಿದ್ದ. ಯೋಕೋ ಅವ್ವನಿಂದ ಕನ್ನಡ ಕಲಿತಳು, ರೊಟ್ಟಿ ಕಲಿತಳು. ಕೂಗಿ ಕರೆಯುವುದನ್ನು ಮಾತ್ರ ಕಲಿಯಲಿಲ್ಲ. ನಾವು ಕೊತ್ತಂಬರಿ ಬೇಕಾದರೂ ಮಾಳಿಗೆಯಿಂದ ಮಾಳಿಗೆಗೆ ಒದರುವ ಜನ. ಅವಳು ಯಾರಾದರೂ ನೋಡುವತನಕ ನಮ್ಮ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಇನ್ನೊಬ್ಬರಿಗೆ ತ್ರಾಸ ಕೊಡುವುದೆಂದರೆ ಅವರ ಕಡೆ ಮರ್ಯಾದೆ ಹೋದ ಹಾಗಂತೆ. ಎಂ.ಎ. ಓದಿದ ನಾನು ಇದನ್ನು ದೊಡ್ಡ ಸಂಸ್ಕೃತಿಯೆಂದು ಓಣಿಗೆಲ್ಲ ವಿವರಿಸುತ್ತಿದ್ದೆ.

ಆಮೇಲೆ ಒಂದು ಮಳೆಗಾಲ ಘಟಪ್ರಭೆಯೇ ಓಣಿಗೆ ಬಂತು. ಗಂಡ ಕಾರ್ಖಾನೆಯಲ್ಲಿ ಸಿಕ್ಕಿಬಿದ್ದಿದ್ದ. ಯೋಕೋ ಮಗಳನ್ನು ಅವಚಿಕೊಂಡು ಮನೆಯ ತಗಡಿನ ಮೇಲೆ ಕೂತಿದ್ದಳು. ನಾವು ನಮ್ಮ ಮಾಳಿಗೆಯ ಮೇಲೆ. ನಡುವೆ ಕೆಂಪು ನೀರು. ದೋಣಿ ಬಂತು. ಓಣಿಯೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದರೆ ಅವಳು ದೋಣಿಯವರಿಗೆ ತಲೆಬಾಗಿ, ಆಚೆ ಮನೆಯತ್ತ ಕೈ ತೋರಿಸಿದಳು, ಮೊದಲು ಅವರನ್ನು ಕರೆದೊಯ್ಯಿರಿ ಎಂಬಂತೆ. ದೋಣಿ ಹೋಯಿತು. ನೀರು ತಗಡಿನ ಅಂಚಿಗೆ ಬಂತು. ಭಾಷಣಕ್ಕೆ ಬಹುಮಾನ ಪಡೆದ ನನ್ನ ದನಿ ಆ ಸಪ್ಪಳದಲ್ಲಿ ನನಗೇ ಕೇಳಿಸಲಿಲ್ಲ. ಅವ್ವ ತಾಟು ಬಡಿದು ಒದರಿದಳು. ದೋಣಿ ತಿರುಗಿತು. ಇವತ್ತಿಗೂ ನಾನು ಕಣ್ಣು ಮುಚ್ಚಿದರೆ ಅದು ತಿರುಗುವುದಿಲ್ಲ. ನೀರು ಏರುತ್ತದೆ, ಅವಳು ತಲೆಬಾಗುತ್ತಾಳೆ.

ದೋಣಿಯಿಂದ ನಮ್ಮ ಮಾಳಿಗೆಗೆ ಹತ್ತಿದವಳನ್ನು ಅವ್ವ ಅಪ್ಪಿಕೊಂಡೇ ಬೈದಳು: “ಬಾಯಿ ಇಲ್ಲೇನ ನಿನಗ? ಒದರಾಕ ಏನಾಗಿತ್ತ?”

“ಅಲ್ಲಿ ಮುದುಕರಿದ್ರು, ಅವ್ವಾ. ತ್ರಾಸ ಆಕೈತಿ ಅಂತ…”

“ನೀ ಹರಕೊಂಡ ಹೋಗಿದ್ರ ನಮಗ ಹಬ್ಬ ಆಕಿತ್ತೇನ?”

ನೀರು ಇಳಿಯುವತನಕ ಎಲ್ಲರೂ ಮೇಲವಂಕಿಯಲ್ಲಿ ಸೋದರಮಾವನ ಹೊಲದ ಮನೆಯಲ್ಲಿದ್ದೆವು. ಸಂಜೆಯಾದರೆ ಅವ್ವ ಅವಳನ್ನು ಬದುವಿನ ಮೇಲೆ ನಿಲ್ಲಿಸಿ, “ಹೂಂ, ಒದರ” ಎನ್ನುವಳು. ಯೋಕೋ ಬಾಯಿಗೆ ಕೈ ಹಿಡಿದು ನಗುವಳು. ಮಿಕಾ ಒದರಿದರೆ ಕಬ್ಬಿನಾಚೆಯಿಂದ ಯಾರೋ, “ಏನವಾ?” ಎನ್ನುತ್ತಿದ್ದರು.

ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಅವರು ಅಮೆರಿಕದಲ್ಲಿ ಗಂಡನ ಅಣ್ಣನಿದ್ದ ಊರಿಗೆ ಹೋಗಿ ಸಣ್ಣ ಖಾನಾವಳಿ ಇಟ್ಟರು. ಅಲ್ಲಿ ಜಪಾನಿನ ಊಟದ ಜೊತೆ ಅವ್ವನ ಶೇಂಗಾ ಚಟ್ನಿಯೂ ಸಿಗುತ್ತದಂತೆ.

ಫೋನಿನಲ್ಲಿ ಯೋಕವ್ವ ಕಾಣಿಸಿದಳು. ಮುಂಗೈಗೆ ಬಿಳಿ ಪಟ್ಟಿ. ಹೋದ ವಾರ ಖಾನಾವಳಿಯ ಅಡಿಗೆಮನೆಗೆ ಬೆಂಕಿ ಹತ್ತಿತ್ತಂತೆ.

“ಒದರಿದ್ನಿ ಅವ್ವಾ. ಬರ್ರೆಪ್ಪೋ, ಬೆಂಕಿ ಹತ್ತೇತಿ ಅಂತ. ಕನ್ನಡದಾಗ ಬಂತು.”

“ಅಲ್ಲಿ ಯಾರಿಗಿ ತಿಳೀತ?”

“ಯಾರಿಗೂ ಇಲ್ಲ. ಆದ್ರ ಎಲ್ಲಾರೂ ಓಡಿ ಬಂದ್ರು.”

ಅವ್ವ ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು. “ಹೆಂಗ ಒದರಿದಿ? ನಾನೂ ಕೇಳ್ತೀನಿ.”

ಯೋಕವ್ವ ಅತ್ತಿತ್ತ ನೋಡಿ, ಕಣ್ಣು ಮುಚ್ಚಿ ಒದರಿದಳು. ಅಂದು ಆ ನೀರಿನ ಮೇಲೆ ನಾನು ಕಾದು ಕಾದು ಕೇಳದೇ ಹೋದ ದನಿ. ಅವ್ವ ಫೋನನ್ನು ನನ್ನ ಕೈಗಿಟ್ಟು ಎದ್ದು ಬಾಗಿಲಿಗೆ ಹೋದಳು. ಬೀಗ ಹಾಕಿದ ಎದುರಿನ ಮನೆಯ ಕಡೆ ಮುಖ ಮಾಡಿ, “ಬಂದ್ನಿ, ತಡಿಯವಾ!” ಎಂದಳು.