ಬಣ್ಣದ ಪೆಟ್ಟಿಗೆಗೆ ಕಾಲು ತಾಗಿದ್ದು

ಮಕ್ಕಳೇ, ಇದನ್ನು ವಾಷಿಂಗ್ಟನ್ನಿನ ಒಂದು ಚಿತ್ರಶಾಲೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

"ಅಲ್ಲಿ ಏನನ್ನೂ ಮುಟ್ಬೇಡಮ್ಮ. ವೀಸಾ ರಿನ್ಯೂ ಆಗೋವರೆಗೂ ನಮಗೆ ಯಾವ ರಗಳೆಯೂ ಬೇಡ" ಎಂದು ನಿಮ್ಮ ಸುಧಾ ಅತ್ತೆ ಕಾರಿನಲ್ಲೇ ಹೇಳಿದ್ದಳು.

ಇಲ್ಲಿ ಇರುವುದು ಫ್ರಾನ್ಸಿನ ಒಬ್ಬ ಸರ್ರಿಯಲಿಸ್ಟ್ ಕಲಾವಿದರ ಚಿತ್ರಗಳು. ಅಂದರೆ ಕನಸಿನಲ್ಲಿ ಕಂಡಂಥದನ್ನು ಬರೆಯುವವರು. ಖಾಲಿ ಬಯಲು, ಮೂಳೆಯಂಥ ಕಲ್ಲುಗಳು, ಮನುಷ್ಯರೇ ಇಲ್ಲದೆ ಬಿದ್ದಿರುವ ಉದ್ದನೆಯ ನೆರಳುಗಳು. ಯುದ್ಧಕ್ಕೆ ಹೆದರಿ ಹಡಗು ಹತ್ತಿ ಈ ದೇಶಕ್ಕೆ ಬಂದವರಂತೆ. ಸುಧಾಳ ಮಗಳು ತಾರಾ ಗೋಡೆಯ ಫಲಕ ಓದಿ ಹೇಳಿದಳು.

ಆ ನೆರಳುಗಳನ್ನು ನೋಡಲಾರದೆ ಹಿಂದೆ ಸರಿದೆ. ಗಿಡ್ಡ ಕಟ್ಟೆಯ ಮೇಲಿಟ್ಟಿದ್ದ ಆ ಕಲಾವಿದರ ಬಣ್ಣದ ಪೆಟ್ಟಿಗೆಗೆ ಕಾಲು ತಾಗಿತು. ಪುಸ್ತಕಕ್ಕೆ ಕಾಲು ತಾಗಿದರೆ ಮಾಡುತ್ತೇವಲ್ಲ, ಹಾಗೆ ಬಗ್ಗಿ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅಲಾರಂ ಕೂಗಿಕೊಂಡಿತು. ಕಾವಲಿನ ಹೆಂಗಸು ವಾಕಿಟಾಕಿ ಹಿಡಿದು ಓಡಿಬಂದಳು. ನನ್ನಿಂದ ಸುಧಾಳ ಮನೆಯವರ ವೀಸಾ ಹೋಯಿತೆಂದೇ ತಿಳಿದೆ.

"ಯಾಕೆ ಟಚ್ ಮಾಡಿದ್ರಿ ಅಜ್ಜಿ?" ತಾರಾ ಕೇಳಿದಳು.

"ಕಾಲು ತಾಗ್ತಲ್ಲ ಪುಟ್ಟಿ, ತಪ್ಪಾಯ್ತು ಅಂತ."

"ಬಾಕ್ಸ್‌ಗೆ ಸಾರಿ ಹೇಳಿದ್ರಾ?"

ತಾರಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಕಾವಲಿನವಳು ಪೆಟ್ಟಿಗೆಯ ಮೂಲೆಗಳನ್ನೆಲ್ಲ ನೋಡಿ, ನನ್ನನ್ನು ನೋಡಿ ನಕ್ಕು, ವಾಕಿಟಾಕಿಯಲ್ಲಿ ಏನೋ ಹೇಳಿ ಹೊರಟುಹೋದಳು.

ಸುಧಾ ಬೈಯುತ್ತಾಳೆಂದು ಕಾದೆ. ಈಗ ನನ್ನ ಪಕ್ಕದಲ್ಲಿ ಕುಳಿತು, ಕೈಚೀಲದಿಂದ ಎಲ್ಲರ ಪಾಸ್‌ಪೋರ್ಟ್ ತೆಗೆದು ತೊಡೆಯ ಮೇಲೆ ಒತ್ತಿ ಹಿಡಿದಿದ್ದಾಳೆ. ಚಿತ್ರ ನೋಡಲು ಬರುವಾಗಲೂ ಅವನ್ನು ತಂದಿರುತ್ತಾಳೆಂದು ನನಗೆ ಗೊತ್ತಿರಲಿಲ್ಲ.