ಪದ್ದಣ್ಣ ಉಜ್ಜಿದ ಟೆಲಿಫೋನು

ಫೋನಿನ ಗಂಟೆ ಬಡಿದರೆ ಪದ್ದಣ್ಣ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕೈಯನ್ನು ಪಂಚೆಗೆ ಒರೆಸಿಕೊಂಡು, ಆಮೇಲೆ ರಿಸೀವರ್ ಎತ್ತುತ್ತಿದ್ದರು. ಆ ಕಡೆಯವರು ಹೇಳುತ್ತಿದ್ದುದು ಲಾಡ್ಜಿನ ರೂಮಿಗೆ ಎರಡು ಪ್ಲೇಟ್ ಇಡ್ಲಿ ಕಳಿಸಿ ಎಂದಷ್ಟೇ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, "ನೀವು ನಿಂತದ್ದು ಅವರಿಗೆಲ್ಲಿ ಕಾಣ್ತದೆ ಪದ್ದಣ್ಣ?" ಎಂದು ಕೇಳಿದ್ದೆ.

"ಕಾಣುದಿಲ್ಲ ಅಕ್ಕ, ಕೇಳ್ತದೆ. ಕೂತು ಮಾತಾಡಿದ್ರೆ ಗಿರಾಕಿಗೆ ನಮ್ಮ ಅಸಡ್ಡೆ ಕೇಳ್ತದೆ."

ತ್ರಿಪ್ಲಿಕೇನಿನ ನಮ್ಮ ಹೋಟೆಲಿಗೆ ಅವರು ಉಡುಪಿ ಕಡೆಯಿಂದ ಲೋಟ ತೊಳೆಯಲು ಬಂದದ್ದು ಚಡ್ಡಿ ಹಾಕುವ ವಯಸ್ಸಿನಲ್ಲಿ. ಆಮೇಲೆ ಸಪ್ಲೈಯರ್ ಆದರು, ಕೊನೆಗೆ ಕ್ಯಾಶ್ ಟೇಬಲ್ಲಿಗೆ ಬಂದು ಕೂತರು. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆಯೇ ಅವರ ಮನೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಹೆಣ್ಣು ನೋಡ್ಲಿಕ್ಕೆ ರಜೆ ಸಿಕ್ಕಿತ್ತು, ಮದುವೆಗೆ ಸಿಗಲಿಲ್ಲ" ಎನ್ನುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ. ಆಗಿನ ಯಜಮಾನರಾದ ನಮ್ಮ ಮಾವನವರು ಎದುರಿಗಿದ್ದರೂ ಹಾಗೆಯೇ ಹೇಳುತ್ತಿದ್ದರಂತೆ.

ನಮ್ಮವರು ತೀರಿಕೊಂಡ ಮೇಲೆ ಹೋಟೆಲು ಮಗ ರಾಘುವಿನ ಕೈಗೆ ಬಂತು. ಅವನು ಓಡಾಡಿ ಸಾಲ ತಂದು ಗೋಡೆ ಒಡೆಸಿದ, ನೆಲ ಕಿತ್ತಿಸಿದ. ಬಿಲ್ಲಿಗೆ ಕಂಪ್ಯೂಟರ್ ಬರುವುದೆಂದಾಯಿತು. ಪದ್ದಣ್ಣ ಕೂರುತ್ತಿದ್ದ ಕುರ್ಚಿಗೆ ಹೊಸ ನಕ್ಷೆಯಲ್ಲಿ ಜಾಗವಿರಲಿಲ್ಲ. ಅವರ ಕೋಣೆ ಇದ್ದಲ್ಲಿ ಏಸಿಯ ಯಂತ್ರಗಳು ಬರುವುದಿತ್ತು. ಉಳಿದದ್ದು ಕ್ಯಾಶ್ ಟೇಬಲ್ಲಿನ ಆ ಹಳೆಯ ಟೆಲಿಫೋನು. ಲೈನು ಸತ್ತು ಎಷ್ಟೋ ವರ್ಷವಾಗಿತ್ತು. ತಗಡಿನ ಮೈ, ಕಪ್ಪು ಬಣ್ಣ, ಎತ್ತಿದರೆ ರುಬ್ಬುಗುಂಡಿನ ಭಾರ. ಬಣ್ಣ ತೆಗೆದು ಬರಿಯ ಲೋಹವನ್ನೇ ಹೊಳೆಯಿಸಿದ ಇಂಥದ್ದೇ ಫೋನಿನ ಚಿತ್ರವೊಂದನ್ನು ರಾಘು ಮೊಬೈಲಿನಲ್ಲಿ ತೋರಿಸಿದ. ಇಲ್ಲೇ ಹುಟ್ಟಿ ಬೆಳೆದ ಅವನ ಮಾತು ಅರ್ಧ ತಮಿಳು.

"ಮಾಮಾ, ಪೆಯಿಂಟ್ ಪೂರಾ ಎಡುತ್ತುಡುಂಗೋ, ಒಂದು ಚೂರೂ ಇರಬಾರದು. ಕನ್ನಡಿ ಮಾದರಿ ಪಳಪಳ ಅನ್ನಬೇಕು. ಬಾಗಿಲಲ್ಲೇ ಇಡೋಣ."

ಪದ್ದಣ್ಣ ಚಿತ್ರವನ್ನು ದೂರ ಹಿಡಿದು ನೋಡಿದರು. "ಬಟ್ಟೆ ಬಿಚ್ಚಿ ಬಾಗಿಲಲ್ಲಿ ನಿಲ್ಲಿಸುದು. ಆಯ್ತು," ಎಂದರು.

ರಾತ್ರಿ ಊಟಕ್ಕೆ ಕೂತಾಗ ರಾಘು ನನಗೆ ಉಳಿದದ್ದನ್ನು ಹೇಳಿದ. ಫೋನಿನ ಕೆಲಸ ಮುಗಿದ ಮೇಲೆ ಪದ್ದಣ್ಣ ಊರಿಗೆ ಹೋಗುವುದು. ಅಲ್ಲಿ ತಮ್ಮನ ಮಗ ಅವರಿಗೆಂದು ಕೋಣೆ ಕಟ್ಟಿಸಿದ್ದಾನೆ. ಪದ್ದಣ್ಣನಿಗೂ ಹೇಳಿಯಾಗಿತ್ತು, ಅವರು ತಲೆಯಾಡಿಸಿಯೂ ಆಗಿತ್ತು.

ಕೆಲಸ ಶುರುವಾಯಿತು. ಮಹಡಿಯ ಮೇಲೆ ಟ್ಯಾಂಕಿನ ನೆರಳಿನಲ್ಲಿ ಗೋಣಿ ಹಾಸಿಕೊಂಡು ಕೂತು ಡಯಲು, ಗಂಟೆ, ವಯರು ಎಲ್ಲ ಬಿಚ್ಚಿದರು. ಸ್ಕ್ರೂಗಳು ಚಟ್ನಿ ಬಟ್ಟಲಿಗೆ ಹೋದವು. ಪ್ಯಾರೀಸ್ ಕಾರ್ನರಿನ ಪೇಟೆಯಿಂದ ತಂದ, ಬಣ್ಣ ಬಿಡಿಸುವ ಔಷಧ ಹಚ್ಚಿದರೆ ಕಪ್ಪು ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬರುತ್ತಿತ್ತು. ಅದನ್ನು ದೋಸೆ ಸಟ್ಟುಗದಲ್ಲಿ ಕೆರೆದು ತೆಗೆದರು. ಒಳಗೆ ಇನ್ನೊಂದು ಬಣ್ಣ, ಇಟ್ಟಿಗೆ ಪುಡಿಯಂಥದ್ದು. ಅದೂ ಹೋದ ಮೇಲೆ ಬೂದು ಬಣ್ಣದ ತಗಡು ಕಂಡಿತು. ಆಮೇಲೆ ಉಪ್ಪುತಾಳಿನಲ್ಲಿ ಉಜ್ಜುವುದು. ಸ್ಯಾಂಡ್ ಪೇಪರಿಗೆ ಇಲ್ಲಿಯವರು ಹಾಗೆನ್ನುತ್ತಾರೆ. ಮೊದಲು ಒರಟಿನದು, ಆಮೇಲೆ ನಯದ್ದು, ಕೊನೆಗೆ ಸೀಮೆಎಣ್ಣೆ ಮುಟ್ಟಿಸಿದ ಬಟ್ಟೆ. ಕೆಳಗೆ ಗೋಡೆ ಒಡೆಯುವ ಸದ್ದು, ಮೇಲೆ ಈ ಕರಕರ. ಎರಡರ ನಡುವಿನ ನಮ್ಮ ಮನೆಯಲ್ಲಿ ನನಗೆ ಮಧ್ಯಾಹ್ನ ಕಣ್ಣು ಮುಚ್ಚಲಿಕ್ಕಾಗುತ್ತಿರಲಿಲ್ಲ. ಕಾಫಿ ಹಿಡಿದು ಮೆಟ್ಟಿಲು ಹತ್ತಿದರೆ ಪದ್ದಣ್ಣನ ಬೆರಳೆಲ್ಲ ಕಪ್ಪು, ಕಣ್ಣು ಕೆಂಪು.

"ನಾಳೆ ಮುಗೀತದಾ?"

"ಉರಿ ಜಾಸ್ತಿ ಮಾಡಿದ್ರೆ ಅಡಿ ಹಿಡೀತದೆ ಅಕ್ಕ."

ಒಂದು ಬೆಳಿಗ್ಗೆ ನೋಡಿದರೆ ಹೊಳಪು ಬಂದಿದ್ದ ತಗಡಿನ ತುಂಬ ಕೆಂಪು ಚುಕ್ಕೆ. ಮರೀನಾದ ಕಡಲ ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ, ನಮ್ಮ ಕಿಟಕಿ ಸರಳುಗಳ ಗತಿ ಗೊತ್ತೇ ಇದೆ. ಪದ್ದಣ್ಣ ಎಣ್ಣೆ ಸವರಿಡುವುದನ್ನು ಮರೆತಿದ್ದರು. ಮತ್ತೆ ಒರಟು ಕಾಗದದಿಂದ ಶುರು. ಹೊಳಪು ಬರುವಷ್ಟರಲ್ಲಿ ಮತ್ತೆ ತುಕ್ಕು. ರಾಘು ಸೊಂಟದ ಮೇಲೆ ಕೈಯಿಟ್ಟು ನಿಂತು, "ಎನ್ನ ಮಾಮಾ ಇದು, ಮತ್ತೆ ತುಕ್ಕಾ?" ಎಂದ. "ಸಮುದ್ರದ ಹತ್ತಿರ ಜಗಳ ಮಾಡ್ಲಿಕ್ಕೆ ಆಗ್ತದಾ ಮಾರಾಯ?" ಎಂದರು ಪದ್ದಣ್ಣ.

ಒಂದು ಶುಕ್ರವಾರ ನಾನು ಒಣಹಾಕಿದ್ದ ಮೆಣಸು ತೆಗೆಯಲು ಮೇಲೆ ಹೋದೆ. ಬೆಳಿಗ್ಗೆ ದೇವರ ದೀಪ ಉಜ್ಜಿ ಮಿಕ್ಕ ಹುಣಸೆಹಣ್ಣನ್ನು ನಲ್ಲಿಯ ಕಟ್ಟೆಯ ಮೇಲಿಟ್ಟಿದ್ದೆ. ಅದು ಪದ್ದಣ್ಣನ ಕೈಯಲ್ಲಿತ್ತು. ಫೋನಿನ ಮೈ ಅಂದು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಅದರ ಬೆನ್ನಿಗೆ ಅವರು ಹುಣಸೆಹಣ್ಣನ್ನು ಮೆಲ್ಲಗೆ, ಎಳೆಮಗುವಿಗೆ ಎಣ್ಣೆ ಹಚ್ಚಿದ ಹಾಗೆ, ಸವರುತ್ತಿದ್ದರು. ಹಿತ್ತಾಳೆಗೆ ಹುಳಿ, ಕಬ್ಬಿಣಕ್ಕೆ ಎಣ್ಣೆ. ಕಾವಲಿ ಮುಟ್ಟಿದವರಿಗೆಲ್ಲ ಗೊತ್ತಿರುವ ಮಾತು. ಹುಳಿ ತಾಗಿದ ಕಬ್ಬಿಣ ಬೆಳಗಾಗುವಷ್ಟರಲ್ಲಿ ತುಕ್ಕು.

ನನ್ನನ್ನು ಕಂಡು ಅವರ ಕೈ ನಿಂತಿತು. "ಬಿಸಿಲು ಜೋರುಂಟು ಅಕ್ಕ. ತಲೆಗೆ ಸೆರಗು ಹಾಕ್ಕೊಳ್ಳಿ," ಎಂದರು.

"ಕಬ್ಬಿಣಕ್ಕೆ ಹುಳಿಯಾ ಪದ್ದಣ್ಣ?"

ಅವರು ಕೈಯನ್ನು ನೋಡಿಕೊಂಡರು. ಹುಣಸೆಹಣ್ಣನ್ನು ಕಟ್ಟೆಯ ಮೇಲಿಟ್ಟು ಹೇಳಿದರು. "ಇದು ಮುಗಿದ್ರೆ ನನ್ನದೂ ಮುಗೀತಲ್ಲ. ತಮ್ಮನ ಮಗ ಒಳ್ಳೆಯವ. ಕೋಣೆಗೆ ಟೈಲ್ಸ್ ಹಾಕಿಸಿದ್ದಾನೆ, ಫ್ಯಾನುಂಟು. ಹೋದ ಸಲ ಹೋದಾಗ ನಾಲ್ಕಕ್ಕೆ ಎದ್ದು ಜಗಲಿಯಲ್ಲಿ ಕೂತೆ. ಇಡೀ ಮನೆ ಮಲಗಿದೆ. ಒಂದು ಪಾತ್ರೆಯ ಸದ್ದಿಲ್ಲ. ಆ ಹೊತ್ತಿಗೆ ನಾನು ಎಂತ ಮಾಡುದು ಹೇಳಿ. ಇಲ್ಲೇ ಒಂದು ಮೂಲೆಯಲ್ಲಿ ಇರ್ತಿದ್ದೆ."

ನಾನು ಮೆಣಸು ಗೋರಿಕೊಂಡು ಕೆಳಗೆ ಬಂದೆ. ಹುಳಿಯ ಮಾತನ್ನು ರಾಘುವಿಗೆ ಹೇಳಲಿಲ್ಲ. ಪದ್ದಣ್ಣ ಇಲ್ಲೇ ಇರಲಿ ಎಂದು ಮಾತ್ರ ಕೇಳಿದೆ. ನಮ್ಮ ಮನೆಯೂ ಎರಡೇ ಕೋಣೆಯದು, ಮೂರನೆಯ ಮಹಡಿ, ಲಿಫ್ಟಿಲ್ಲ. ಅವನು ಚಪಾತಿ ಮುರಿಯುತ್ತಿದ್ದವನು ನಿಲ್ಲಿಸಿದ. "ಅಮ್ಮಾ, ಮಳೆಗಾಲದಲ್ಲಿ ಮಾಮಾ ಮೆಟ್ಟಿಲಲ್ಲಿ ಜಾರಿ ಬಿದ್ದರಲ್ಲ, ಯಾರು ಎತ್ತಿದ್ದು? ಮುಂದಿನ ಸಲ ನಾನಿಲ್ಲದಾಗ ಬಿದ್ದರೆ? ನೀಯೇ ಸೊಲ್ಲು, ಏನು ಮಾಡಲಿ?" ಅವನ ಕಣ್ಣ ಕೆಳಗೂ ಕಪ್ಪಾಗಿತ್ತು. ಸಾರು ಬಡಿಸಿದೆ.

ಮರುದಿನ ತುಕ್ಕು ಹಿಡಿದ ಫೋನನ್ನು ನೋಡಿ ಅವನು ಬೈಯಲಿಲ್ಲ. ಚೀಲಕ್ಕೆ ಹಾಕಿಕೊಂಡು ಅಂಬತ್ತೂರಿನ ಒಂದು ಪಾಲಿಶ್ ಶೆಡ್ಡಿಗೆ ಒಯ್ದ. ಸಂಜೆಗೆ ತಂದ. ಮಿಷನ್ನಿನಲ್ಲಿ ಉಜ್ಜಿ, ಮೇಲೆ ನೀರಿನಂಥ ವಾರ್ನಿಶ್ ಹೊಡೆದಿದ್ದರು. ಪದ್ದಣ್ಣ ಅದನ್ನು ಬೆಳಕಿಗೆ ತಿರುಗಿಸಿ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು.

"ಇನ್ನು ಇದಕ್ಕೆ ಯಾವ ಗಾಳಿಯೂ ತಾಗುದಿಲ್ಲ," ಎಂದರು. ಅಲ್ಲೇ ಕೂತು ಗಂಟೆ, ಡಯಲು, ವಯರು ಎಲ್ಲ ಜೋಡಿಸಿದರು. ಇಷ್ಟು ದಿನ ಎಳೆದ ಕೆಲಸ ನನ್ನ ಅನ್ನ ಬೇಯುವುದರೊಳಗೆ ಮುಗಿಯಿತು. ಒಂದು ಸ್ಕ್ರೂ ಸಹ ಮಿಗಲಿಲ್ಲ.

ಹೋಟೆಲು ತೆರೆದ ದಿನ ರಾಘು ಅವರಿಗೆ ಶಾಲು ಹೊದೆಸಿ, ಮೊದಲ ಮೇಜಿನಲ್ಲಿ ಕೂರಿಸಿ ತುಪ್ಪದ ದೋಸೆ ಕೊಡಿಸಿದ. ಅವರಿಗೆ ಗಿರಾಕಿಯಾಗಿ ಕೂತು ಅಭ್ಯಾಸವಿರಲಿಲ್ಲ. ಎದುರು ಯಾರಾದರೂ ನಿಂತರೆ ಅರ್ಧ ಏಳುತ್ತಿದ್ದರು. ತಿಂದು ಮುಗಿಸಿ ತಟ್ಟೆಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಸಂಜೆ ಮಂಗಳೂರು ರೈಲು.

ಊರಿಗೆ ಹೋದ ವಾರದಿಂದ ಬೆಳಿಗ್ಗೆ ನಾನು ಕೆಳಗಿಳಿದು ಹೋಟೆಲಿನ ಬಾಗಿಲೆತ್ತಿಸುವ ಹೊತ್ತಿಗೆ ನನ್ನ ಮೊಬೈಲಿಗೆ ಅವರ ಫೋನು ಬರತೊಡಗಿತು. "ಹಾಲು ಬಂತಾ ಅಕ್ಕ?" ಬಂತು ಎನ್ನುತ್ತಿದ್ದೆ. "ಹುಡುಗರು ಎದ್ರಾ?" ಎದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೂ ಇಡುತ್ತಿರಲಿಲ್ಲ. ಒಮ್ಮೆ ಸಂಕೋಚದಿಂದ, "ಸ್ವಲ್ಪ ಅಡುಗೆಮನೆ ಹತ್ತಿರ ಹೋಗಿ ನಿಂತ್ಕೊಳ್ತೀರಾ?" ಎಂದರು. ಹೋಗಿ ನಿಂತೆ. ಗ್ರೈಂಡರು, ಇಡ್ಲಿ ಪಾತ್ರೆಯ ಮುಚ್ಚಳ, ಹುಡುಗರ ಬೈಗುಳ. "ಹ್ಞೂಂ, ಆಯ್ತು," ಎಂದು ಇಟ್ಟರು. ಅಂದಿನಿಂದ ಅದೇ ಕ್ರಮವಾಯಿತು. ಮೊಣಕಾಲು ನೋಯುತ್ತಿದ್ದ ದಿನವೂ ಎದ್ದು ಹೋಗಿ, ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಲ್ಲುತ್ತಿದ್ದೆ.

ಮೊನ್ನೆ ಆಷಾಢದಲ್ಲಿ ಒಂದು ಬೆಳಿಗ್ಗೆ ಫೋನು ಸ್ವಲ್ಪ ತಡವಾಗಿ ಬಂತು. ಅವರ ಹೆಸರು ನೋಡಿ, ಹಲೋ ಎನ್ನುವ ಮೊದಲೇ ಹೋಗಿ ಗ್ರೈಂಡರಿನ ಪಕ್ಕ ನಿಂತೆ. ಆ ಕಡೆಯಿಂದ ಬಂದದ್ದು ತಮ್ಮನ ಮಗನ ದನಿ.

"ಅಕ್ಕ, ಅಲ್ಲಿ ತುಂಬ ಗಲಾಟೆ ಕೇಳ್ತಾ ಉಂಟು. ಸ್ವಲ್ಪ ಹೊರಗೆ ಬನ್ನಿ, ಒಂದು ವಿಷಯ ಹೇಳ್ಬೇಕು."